ಬಿಷಪ್ಪರ ಪಾಲಿನ ಗುಂಡು

“ಅತ್ತೆ, ಅದು ತಿನ್ನೋ ಜೆಲ್ಲಿ ಅಲ್ಲ.”

“ಫ್ರಿಜ್ಜಲ್ಲಿತ್ತು. ಅಲುಗಾಡ್ತಿತ್ತು. ಜೆಲ್ಲಿ ಅಲ್ದೆ ಇನ್ನೇನಪ್ಪ?”

ಅರ್ವಿಲ್ಲಾ ಖಾಲಿ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಅಂಚಿನಲ್ಲಿ ಕ್ಯಾರೆಟ್ ತುರಿಯ ಒಂದೆಳೆ ಅಂಟಿಕೊಂಡಿತ್ತು. ಅಳಿಯ ಲಮಾರ್ ಅದನ್ನೇ ನೋಡುತ್ತ ನಿಂತ. ಬೇಟೆಯ ಗುಂಡು ಮೈಯೊಳಗೆ ಎಷ್ಟು ಆಳ ಹೊಕ್ಕು ಹೇಗೆ ಅರಳುತ್ತದೆಂದು ತಿಳಿಯಲು ಅವನೂ ಭಾವ ಡ್ಯುವೇನನೂ ಎರಕ ಹೊಯ್ದಿದ್ದ ಜೆಲಾಟಿನ್ ದಿಮ್ಮಿ ಅದು. ನಿನ್ನೆ ಸಂಜೆ ಇಬ್ಬರೂ ಅದಕ್ಕೆ ಒಂದೊಂದು ಗುಂಡು ಹೊಡೆದು, ಕತ್ತಲಾಯಿತೆಂದು ಅಳೆಯದೆ ಒಳಗಿಟ್ಟಿದ್ದರು. ಯಾರ ಗುಂಡು ಹೆಚ್ಚು ಆಳ ಹೋಗಿದೆಯೋ ಅವರಿಗೆ ಶನಿವಾರದ ಎಲ್ಕ್ ಜಿಂಕೆ ಬೇಟೆಯಲ್ಲಿ ಮೊದಲ ಗುಂಡು. ಎರಡನೆಯವನ ಕಣ್ಣಿಗೆ ಬೀಳುವುದು ಓಡುವ ಹಿಂಡಿನ ಬೆನ್ನು ಮಾತ್ರ.

“ಎರಡು ತೂತು ಕಾಣಿಸ್ಲಿಲ್ವಾ ಅಮ್ಮ?” ಡ್ಯುವೇನ್ ಕೇಳಿದ.

“ಕಾಣಿಸ್ತು. ನನ್ನ ಮಗಳ ಅಡುಗೆ ಗೊತ್ತಲ್ಲ ಅಂತ ಕ್ಯಾರೆಟ್ ತುಂಬಿ ಮುಚ್ಚಿದೆ. ದಾಲ್ಚಿನ್ನಿ ಘಮ ಚೆನ್ನಾಗಿತ್ತು.”

“ಅದು ಬೂಷ್ಟು ಹಿಡೀದಿರ್ಲಿ ಅಂತ ಹಾಕಿದ್ದು ಅತ್ತೆ.”

“ಚರ್ಚಲ್ಲಿ ಸಾವಿನ ಊಟ. ಈ ಐಡಾಹೋದಲ್ಲಿ ಜೆಲ್ಲಿ ಇಲ್ದೆ ಬರಿಗೈಲಿ ಹೋಗೋಕಾಗುತ್ತಾ?”

“ಯಾರಿಗಾದ್ರೂ ಏನಾದ್ರೂ ಸಿಕ್ತಾ?”

“ಬಿಷಪ್ಪರಿಗೆ ಸಿಕ್ತು. ಪಾಪ, ವಿಧವೆಗೆ ಸಮಾಧಾನ ಹೇಳ್ತಾ ಹೇಳ್ತಾನೇ ಉಗುಳಿದ್ರು.”

ಅವರು ಜೇಬಿನಿಂದ ತೆಗೆದಿಟ್ಟದ್ದು ಅಣಬೆಯಂತೆ ಅರಳಿದ ಸೀಸದ ತುಣುಕು.

“ನಂದು,” ಎಂದ ಡ್ಯುವೇನ್. “ಎಷ್ಟು ಚೆನ್ನಾಗಿ ಅರಳಿದೆ ನೋಡು.”

“ಅರಳಿದ್ರೆ ಮುಡ್ಕೋ ಭಾವ. ಪಂದ್ಯ ಇರೋದು ಆಳದ್ದು. ಅತ್ತೆ, ಯಾವ ಕಡೆಯಿಂದ ಕೊಯ್ದ್ರಿ?”

“ತೂತಿನ ಕಡೆಯಿಂದ. ತುಂಡಿಗೊಂದಿಂಚು. ಸಾಲಲ್ಲಿ ಬಂದವರಿಗೆ ಬಂದ ಹಾಗೆ ಬಡಿಸಿದೆ.”

“ಬಿಷಪ್ಪರು ಎಷ್ಟನೆಯವರು?”

“ಎಂಟು. ವಿಧವೆ ಮೊದಲು.”

“ಎಂಟೇ ಇಂಚು,” ಲಮಾರನ ಮುಖ ಬೆಳಗಿತು. “ನಂದು ತಾಮ್ರ. ಬಿಷಪ್ಪರನ್ನ ದಾಟಿ ಹೋಗಿರುತ್ತೆ.”

“ಇಲ್ಲಾ ವಿಧವೆ ಹತ್ರಾನೇ ಸುಸ್ತಾಗಿ ಕೂತಿರುತ್ತೆ,” ಎಂದ ಡ್ಯುವೇನ್.

“ಬಿಷಪ್ಪರಿಗಿಂತ ಮುಂದಿದ್ದವರೆಲ್ಲ ಇನ್ನೊಂದು ತುಂಡು ಕೇಳಿದ್ರಪ್ಪ,” ಎಂದರು ಅರ್ವಿಲ್ಲಾ. “ಅವರ ಹಿಂದಿದ್ದೋಳು ಪಿಯಾನೋ ನುಡಿಸೋಳು. ಅವಳಿಗೆ ಸಿಕ್ಕಿದ್ರೆ ಊರಿಗೆಲ್ಲ ಕೇಳ್ತಿತ್ತು. ಕೊನೇ ತುಂಡು ನಂದು. ಒಳಗೇನೋ ಗಟ್ಟಿ ಇತ್ತು, ಅಕ್ರೋಟು ಅಂದ್ಕೊಂಡೆ.”

ಲಮಾರ್ ಅಂಗೈ ಚಾಚಿದ. “ಗೆದ್ದೆ. ಕೊಡಿ ಅತ್ತೆ.”

“ಏನು ಕೊಡ್ಲಿ? ಸಾವಿನ ಊಟದಲ್ಲಿ ಎಲ್ರೂ ಉಗುಳ್ತಾ ಕೂತ್ರೆ ಚೆನ್ನಾಗಿರುತ್ತಾ? ಹಾಲು ಕುಡಿದು ನುಂಗಿದೆ.”

ಲಮಾರ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

“ಡಾಕ್ಟ್ರೂ ಅಲ್ಲೇ ಇದ್ರು,” ಎಂದರು ಅರ್ವಿಲ್ಲಾ. “ಶನಿವಾರದೊಳಗೆ ತಾನಾಗೇ ಹೊರಗೆ ಬರುತ್ತೆ, ನೋಡ್ಕೊಳ್ಳಿ ಅಂದ್ರು. ಯಾರು ನೋಡ್ಕೋಬೇಕು ಅಂತ ಹೇಳ್ಲಿಲ್ಲ.”

“ಗುಂಡು ಕೈಗೆ ಬರದೆ ನಾನಂತೂ ಒಪ್ಪಲ್ಲ,” ಡ್ಯುವೇನ್ ಕುರ್ಚಿಗೆ ಒರಗಿದ. “ಗುಂಡು ನಿಂದು, ಹುಡುಕೋನೂ ನೀನೇ.”

ಲಮಾರ್ ಅತ್ತೆಯ ಮುಖ ನೋಡಿದ. ಅವರು ಮುಗುಳ್ನಕ್ಕರು.

“ಭಾವ,” ಎಂದ, “ಶನಿವಾರ ಮೊದಲ ಗುಂಡು ನೀನೇ ಹೊಡಿ.”