ಗುರುವಾರದ ಸಿಮ್ಮು

"ಕಾರ್ಡೇ ಇಲ್ಲ ಅಂದ್ಮೇಲೆ ಎಲ್ಲಿಂದ ತೆಗೆದುಕೊಡ್ಲಿ? ಅಂಗಡಿಯವನು ಬಿಡಿಸಿ ಬಿಡಿಸಿ ಹೇಳಿದಾನೆ, ಕಿವಿಗೊಟ್ಟು ಕೇಳು. ಇದು ಇ-ಸಿಮ್ಮು. ಫೋನು ಹುಟ್ಟುವಾಗಲೇ ಅದರ ಹೊಟ್ಟೇಲಿ ಕೂತಿರುತ್ತೆ. ಕಪ್ಪುಬಿಳಿ ಚೌಕುಳಿ ಚಿತ್ರದ ಮುಂದೆ ಈ ಹೊಸ ಫೋನು ಹಿಡಿದ, ನಮ್ಮ ನಂಬರು ಒಳಗೆ ಹೋಯ್ತು. ಹಳೇ ಕಾರ್ಡು ಅಷ್ಟಕ್ಕೇ ಸತ್ತಿತು. ಇನ್ನು ಬೀಳೋದಿಲ್ಲ, ಮುರಿಯೋದಿಲ್ಲ, ಕಳ್ಳ ಕದ್ದರೂ ಕಿತ್ತು ಬಿಸಾಡೋಕಾಗಲ್ಲ. ಸೂಜಿ ಚುಚ್ಚೋಕೆ ತೂತೇ ಇಲ್ಲ. ಬೇಕಾದ್ರೆ ತಿರುಗಿಸಿ ನೋಡು."

ಅಕ್ಕನ ಮಾತು ಕೇಳಿ ತಂಗಿ ಸೂಜಿಯನ್ನು ತೋಳಿನ ಬಟ್ಟೆಗೆ ಸಿಕ್ಕಿಸಿ, ಹತ್ತಿ ಹಾಸಿದ ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟು, ಫೋನು ತಿರುಗಿಸಿ ನೋಡಿದಳು. ನಿಜಕ್ಕೂ ತೂತಿರಲಿಲ್ಲ.

ಎಪ್ಪತ್ತರ ಅಕ್ಕ ಕೆಳಮನೆಯವಳು, ಎರಡು ವರ್ಷ ಚಿಕ್ಕ ತಂಗಿ ಮಹಡಿಮನೆಯವಳು. ಫೋನು ಎರಡಿದ್ದರೂ ಹನ್ನೆರಡು ವರ್ಷದಿಂದ ಇಬ್ಬರಿಗೂ ನಂಬರು ಒಂದೇ. ಭಾನುವಾರದಿಂದ ಬುಧವಾರದವರೆಗೆ ಅದು ಅಕ್ಕನ ಹರಟೆಗೆ. ಗುರುವಾರ ಬೆಳಗ್ಗೆ ತಂಗಿ ಇಳಿದು ಬಂದು, ಸೂಜಿಯಿಂದ ಸಿಮ್ಮು ಎಬ್ಬಿಸಿ, ಪೊಟ್ಟಣದಲ್ಲಿ ಮಲಗಿಸಿಕೊಂಡು ಹೋದರೆ ಶನಿವಾರದವರೆಗೆ ಅವಳ ಹೊಲಿಗೆ ಕೆಲಸಕ್ಕೆ. ಗಿರಾಕಿಗಳ ಚೀಲದ ಮೇಲೆಲ್ಲ ಅದೇ ನಂಬರು.

ತಂಗಿ: ಹತ್ತು ಗಂಟೆಗೆ ಹಾಸ್ಟೆಲಿನವರು ಫೋನ್ ಮಾಡ್ತಾರಕ್ಕ. ನಲವತ್ತು ಕಿಟಕಿ ಪರದೆ ಹೊಲಿಯೋದಿದೆ. ಎತ್ತದಿದ್ರೆ ಎದುರಂಗಡಿಗೆ ಕೊಡ್ತಾರಂತೆ.

ಅಕ್ಕ: ನಿನ್ನ ಗುಂಡಿ ಫೋನಿಗೆ ಇ-ಸಿಮ್ಮು ಹತ್ತಲ್ಲವಂತೆ. ಅದನ್ನೂ ಕೇಳಿದೆ. ನಿನ್ನ ಮರೀತೀನಾ?

ತಂಗಿ: ಹಾಕಿಸ್ಕೊಳ್ಳೋ ಮೊದಲು ಕೇಳಿದ್ಯೋ, ಆಮೇಲೋ?

ಅಕ್ಕ: ಕೇಳಿದೆನಲ್ಲ.

ತಂಗಿ: ಸರಿ, ಫೋನೇ ಕೊಡು. ಶನಿವಾರ ರಾತ್ರಿ ತಂದುಕೊಡ್ತೀನಿ.

ಅಕ್ಕ: ತಗೊಂಡು ಏನ್ಮಾಡ್ತೀಯ? ಯಾರಾದ್ರೂ ಮಾಡಿದ್ರೆ ಎತ್ತಬಹುದು ಅಷ್ಟೇ. ನೀನೇ ಮಾಡ್ಬೇಕಂದ್ರೆ ನನ್ನ ಹೆಬ್ಬೆರಳು ಇಟ್ರೇನೇ ತೆರೆಯೋದು.

ತಂಗಿ: ನನ್ನದೂ ಸೇರಿಸು.

ಅಕ್ಕ: ಅಂಗಡಿಯವನೂ ಅದನ್ನೇ ಅಂದ. ನಾನು ಬೇಡ ಅಂದೆ. ಬೆರಳು ತೋರಿಸಿದ್ರೆ ಹಸ್ತ ನುಂಗೋಳು ನೀನು.

ಅಷ್ಟರಲ್ಲಿ ಫೋನು ರಿಂಗಣಿಸಿತು. ತಂಗಿ ಕೈ ಚಾಚುವ ಮೊದಲೇ ಅಕ್ಕ ಎತ್ತಿದಳು.

ಅಕ್ಕ: ಹಲೋ. ಹೂಂ, ಹೊಲಿಗೆಯವರೇ. ಪರದೆಯಾ? ಧಾರಾಳವಾಗಿ. ಕುತ್ತಿಗೆ ಎಷ್ಟು ಅಗಲ ಬಿಡಲಿ?

ತಂಗಿ ಫೋನು ಕಿತ್ತುಕೊಂಡಳು. ಅಳತೆ ಕೇಳಿದಳು, ಮುಂದಿನ ಶನಿವಾರಕ್ಕೆ ಒಪ್ಪಿದಳು, ಇಟ್ಟಳು.

ತಂಗಿ: ಬಟ್ಟೆಯಂಗಡಿಗೆ ಹೇಳ್ಬೇಕು. ಬೆರಳು.

ಅಕ್ಕ ಗತ್ತಿನಿಂದ ಒತ್ತಿದಳು. ಮಾತು ಮುಗಿಯಿತು, ಫೋನಿನ ಮುಖ ಕಪ್ಪಾಗಿ ಮತ್ತೆ ಬೀಗ ಬಿತ್ತು.

ತಂಗಿ: ನೂಲಿನವನಿಗೆ. ಬೆರಳು.

ಅಕ್ಕ ಒತ್ತಿದಳು.

ತಂಗಿ: ಪರದೆ ಕೊಕ್ಕೆಯವನಿಗೆ.

ಅಕ್ಕ: ಇನ್ನೂ ಎಷ್ಟು ಸಲ ಒತ್ತಿಸ್ತೀಯೆ?

ತಂಗಿ: ಶನಿವಾರದವರೆಗೆ. ಏಳು, ಹೋಗೋಣ.

ಅಕ್ಕ: ಎಲ್ಲಿಗೆ?

ತಂಗಿ: ಮೇಲಕ್ಕೆ. ನಂಬರು ಫೋನು ಬಿಟ್ಟು ಬರಲ್ಲ. ಫೋನು ಹೆಬ್ಬೆರಳು ಬಿಟ್ಟು ತೆರೆಯಲ್ಲ. ಹೆಬ್ಬೆರಳನ್ನೇ ಪೊಟ್ಟಣದಲ್ಲಿ ಒಯ್ಯೋಣ ಅಂದ್ರೆ ಅದಕ್ಕೆ ನೀನು ಅಂಟಿಕೊಂಡಿದೀಯ.

ಅಕ್ಕ: ನನಗೆ ಮಂಡಿನೋವು.

ತಂಗಿ: ಉಗುರಿನಷ್ಟು ಕಾರ್ಡನ್ನ ಹನ್ನೆರಡು ವರ್ಷ ನಾನು ಹೊತ್ತು ಹತ್ತಿದೀನಿ. ಈಗ ಕಾಲಿರೋ ಸಿಮ್ಮು ಬಂದಿದೆ, ತಾನೇ ಹತ್ತುತ್ತೆ. ಸುಧಾರಣೆ ಅಂದ್ರೆ ಇದೇ ಅಲ್ವಾ?

ಅಕ್ಕ ಮೆಟ್ಟಿಲಿಗೊಮ್ಮೆ ಅಂಗಡಿಯವನನ್ನು ಶಪಿಸುತ್ತ ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ಬಟ್ಟೆ ಬಂತು, ಕೊಕ್ಕೆ ಬಂತು, ಆರು ಗಿರಾಕಿಗಳ ಫೋನು ಬಂತು. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಅಕ್ಕ ಬಿಗಿದುಕೊಂಡು ಕೂತಿದ್ದಳು.

ಅಕ್ಕ: ಬೆರಳು ಕೊಡ್ತೀನಿ, ಅಷ್ಟೇ. ಇ-ಸಿಮ್ಮು ಸುಮ್ಮನೆ ಒಳಗೆ ಕೂತಿರುತ್ತೆ, ಕೆಲಸ ಗಿಲಸ ಮಾಡಲ್ಲ.

ತಂಗಿ ಯಂತ್ರ ನಿಲ್ಲಿಸಿದಳು. ಕೆಳಗಿನಿಂದ ತಂದಿದ್ದ ಬೆಂಕಿಪೊಟ್ಟಣದ ಹತ್ತಿ ತೆಗೆದು, ಕೊಕ್ಕೆ ತುಂಬಿ, ಅಕ್ಕನ ಮಡಿಲಲ್ಲಿಟ್ಟಳು. ಮಂಡಿಯ ಮೇಲೆ ಅಂಚು ಹೊಲಿದ ಮೊದಲ ಪರದೆ ಹರವಿದಳು. ತೋಳಿನ ಸೂಜಿ ತೆಗೆದು, ನೂಲು ಪೋಣಿಸಿ ಕೈಗಿತ್ತಳು.

ತಂಗಿ: ನೋಡ್ಕೊಂಡು ಹೊಲಿ. ಹೆಬ್ಬೆರಳಿಗೆ ಚುಚ್ಚಿಕೊಂಡ್ರೆ ನನ್ನ ನಂಬರು ಹೋಗುತ್ತೆ.

ಅಕ್ಕ ಕನ್ನಡಕ ಏರಿಸಿಕೊಂಡಳು, ನೂಲಿನ ತುದಿಗೆ ಗಂಟು ಹಾಕಿದಳು, ಮೊದಲ ಕೊಕ್ಕೆ ಹೊಲಿಯತೊಡಗಿದಳು.