ಗಾರ್ಡ್ ಮಾವನ ಹಸಿರು ಬಾವುಟ

ಎಲ್ಲಕ್ಕೂ ಕಾರಣ, ಶುಕ್ರವಾರ ಊಟಕ್ಕೆ ಕೂತಾಗ ಮಾವ ಮಹಾಂತಪ್ಪನವರು ಬಿಟ್ಟ ಒಂದು ನಿಟ್ಟುಸಿರು.

"ಮೂರು ತಿಂಗಳಾತು ಅಮೇರಿಕಾಕ್ಕ ಬಂದು. ಒಂದರ ರೈಲು ಹತ್ತಲಿಲ್ಲ ನೋಡ್ರಿ."

ಮಗಳು ರಜನಿಯ ಕಣ್ಣು ತುಂಬಿತು. "ಅಪ್ಪ ಹಿಂಗ ಮನಸ್ಸು ಸಣ್ಣದು ಮಾಡ್ಕೊಂಡು ಊರಿಗೆ ಹೋಗೂದು ಬ್ಯಾಡ. ಟಿಕೆಟ್ ಮೂರು ತಿಂಗಳು ಮುಂದಕ್ಕ ಹಾಕಸ್ತೀನಿ. ವೀಸಾ ಹೆಂಗೂ ಆರು ತಿಂಗಳದ್ದೈತಿ."

ಅವಳ ಗಂಡ ಸಿದ್ಧಲಿಂಗೇಶ ರೊಟ್ಟಿ ಮುರಿಯುವುದನ್ನೇ ಬಿಟ್ಟ. ಭಾನುವಾರ ಮಾವನ ವಿಮಾನ. ಆ ಭಾನುವಾರಕ್ಕಾಗಿ ಅವನು ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತ ಬಂದಿದ್ದ.

ಮಾವ ಕೆಟ್ಟವರಲ್ಲ, ಪಾಪ. ಆದರೆ ಹುಬ್ಬಳ್ಳಿ ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ಗಾರ್ಡ್ ಆಗಿದ್ದವರು. ರಿಟೈರ್ ಆದರೂ ಕೆಂಪು-ಹಸಿರು ಬಾವುಟಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರು. ಸಿದ್ಧಲಿಂಗೇಶ ದಿನಾ ಬೆಳಿಗ್ಗೆ ಎಲ್ ಸೆಗುಂಡೋದ ಆಫೀಸಿಗೆ ಹೊರಟರೆ, ಅವರು ಕಾರಿನ ನಾಲ್ಕೂ ಬಾಗಿಲು ಎಳೆದು ನೋಡಿ, ಸೀಟಿ ಊದಿ, ಹಸಿರು ಬಾವುಟ ಬೀಸಬೇಕು. ಅಲ್ಲಿಯ ತನಕ ಗಾಡಿ ಅಲ್ಲಾಡುವಂತಿಲ್ಲ. ಅವರ ಮನೆಯಿದ್ದ ರೆಡೊಂಡೊ ಬೀಚಿನ ಬೀದಿಯವರೆಲ್ಲ ಕಾಫಿ ಕಪ್ಪು ಹಿಡಿದು ಬಾಗಿಲಿಗೆ ಬಂದು ಈ ತಮಾಷೆ ನೋಡುತ್ತಿದ್ದರು. ಒಂದು ದಿನವೂ ಅವನು ಮೀಟಿಂಗಿಗೆ ಸರಿಯಾದ ಹೊತ್ತಿಗೆ ಹೋದದ್ದಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮಂಗಳೂರಿನ ಲೋಕಯ್ಯ ಖಾಲಿ ಪಾತ್ರೆ ವಾಪಸು ಕೊಡಲು ಬಂದವರು, ಕರೆಯದಿದ್ದರೂ ಮಾತಿಗೆ ಸೇರಿಕೊಂಡರು.

"ಸ್ಯಾನ್ ಡಿಯೇಗೋದಿಂದ ಆಚೆ ಬೆಟ್ಟದ ಮೇಲೆ ಹಳೇ ಕಾಲದ ಉಗಿ ರೈಲು ಉಂಟು ಮಾರಾಯ್ರೆ! ಶನಿವಾರ, ಭಾನುವಾರ ಓಡಿಸ್ತಾರೆ. ನಾನೂ ಬರ್ತೇನೆ, ನನಗೆ ದಾರಿ ಗೊತ್ತುಂಟು."

ಸಿದ್ಧಲಿಂಗೇಶನಿಗೆ ದೇವರೇ ಪಾತ್ರೆ ಹಿಡಿದು ಬಂದ ಹಾಗಾಯಿತು. ಮಾವನಿಗೆ ಒಂದು ರೈಲು ಹತ್ತಿಸಿ ಖುಷಿಪಡಿಸಿದರೆ ಮುಗಿಯಿತು, ಭಾನುವಾರ ನಗುನಗುತ್ತ ವಿಮಾನ ಹತ್ತುತ್ತಾರೆ.

ಲೋಕಯ್ಯನವರಿಗೆ ದಾರಿ ಎಷ್ಟು ಗೊತ್ತಿತ್ತೆಂಬುದು ಶನಿವಾರ ಬೆಳಿಗ್ಗೆ ಮೆಕ್ಸಿಕೋ ಗಡಿಯ ಬೋರ್ಡು ಎದುರಾದಾಗ ತಿಳಿಯಿತು. ಅಲ್ಲಿಂದ ಹಿಂದೆ ತಿರುಗಿ, ಬೆಟ್ಟ ಹತ್ತಿ, ಸ್ಟೇಷನ್ ಮುಟ್ಟುವಷ್ಟರಲ್ಲಿ ಇಂಜಿನ್ ಹೊಗೆ ಉಗುಳುತ್ತಿತ್ತು. ಜನ ಜಾತ್ರೆ! ಸಿದ್ಧಲಿಂಗೇಶ ಹಿಂದೆಮುಂದೆ ನೋಡದೆ ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯೊಳಗೆ ಎಸೆದು ಸೀಟು ಹಿಡಿದ. ಅದು ಒಳಗಿದ್ದ ಒಬ್ಬ ಅಜ್ಜಿಯ ಹ್ಯಾಟಿನ ಮೇಲೆ ಬಿತ್ತು. ಟಿಕೆಟಿನಲ್ಲಿ ಸೀಟ್ ನಂಬರ್ ಇದೆಯೆಂದು ಆಮೇಲೆ ಗೊತ್ತಾಯಿತು.

"ರಿಸರ್ವೇಶನ್ ಇದ್ದಾಗ ಟವೆಲ್ ಒಗೀಬಾರದು, ಅಳಿಯಂದಿರ. ಅದು ಜನರಲ್ ಡಬ್ಬಿ ರೂಲು," ಎಂದರು ಮಾವ.

ಆ ರೈಲು ನಡೆಸುವವರೆಲ್ಲ ರಿಟೈರಾದ ಅಜ್ಜಂದಿರು. ರೈಲಿನ ಹುಚ್ಚಿಗೆ ಶನಿವಾರ, ಭಾನುವಾರ ಬಿಟ್ಟಿ ದುಡಿಯುವವರು. ಇವರ ಮನೆಯವರು ಎಷ್ಟು ಪುಣ್ಯ ಮಾಡಿದ್ದಾರೋ, ವಾರಕ್ಕೆರಡು ದಿನ ಆರಾಮ ಎಂದುಕೊಂಡ ಸಿದ್ಧಲಿಂಗೇಶ.

ಗಾಡಿ ಹೊರಟಿತು. ಬೆಟ್ಟದ ಸಂದಿಯಲ್ಲಿ ನುಸುಳಿ, ಮರದ ಸೇತುವೆ ದಾಟಿ, ಕಣ್ಣು ಹಾಯುವಷ್ಟೂ ಒಣಹುಲ್ಲೇ ಇರುವ ಬಯಲಿಗೆ ಬಂತು. ಒಂದು ಮನೆಯಿಲ್ಲ, ಮನುಷ್ಯರಿಲ್ಲ. ಮಾವ ಕಿಟಕಿಗೆ ಮುಖ ಒತ್ತಿದರು. "ಥೇಟ್ ನಮ್ಮ ಗದಗ-ಹೊಟಗಿ ಲೈನು!" ಎಂದು ಅವರು ನಕ್ಕಾಗ ಮೂರು ತಿಂಗಳಲ್ಲಿ ಮೊದಲ ಸಲ ಅವರ ಹಲ್ಲು ಕಂಡವು. ಅಳಿಯನ ಎದೆ ಹಗುರಾಯಿತು.

ಬಯಲಿನ ನಡುವೆ ಗಾಡಿ ನಿಂತಿತು. ಮೈಕಿನಲ್ಲಿ ಏನೋ ಹೇಳಿದರು. ಲೋಕಯ್ಯ ತಮ್ಮ ವಿಡಿಯೋ ಕ್ಯಾಮೆರಾದ ವರ್ಣನೆ ಮಾಡುತ್ತಿದ್ದರಿಂದ ಯಾರ ಕಿವಿಗೂ ಅದು ಬೀಳಲಿಲ್ಲ. ಎಲ್ಲರೂ ಇಳಿದರು, ಇವರೂ ಇಳಿದರು. ಇಳಿಯುವಾಗ ಸಿದ್ಧಲಿಂಗೇಶ ಜಾಣತನ ಮಾಡಿದ. ಕಿಟಕಿ ಸೀಟು ಯಾರಾದರೂ ಹೊಡೆದುಕೊಂಡಾರೆಂದು ಮಾವನ ಚೀಲವನ್ನು ಅದರ ಮೇಲಿಟ್ಟು ಬಂದ.

ಮರುಕ್ಷಣ ಗಾಡಿ ಹಿಂದಕ್ಕೆ ಹೊರಟಿತು. ಖಾಲಿ ಗಾಡಿ! ನೋಡನೋಡುತ್ತ ತಿರುವಿನಾಚೆ ಮಾಯವಾಯಿತು.

"ಆ! ಗಾರ್ಡ್ ಇನ್ನೂ ಕೆಳಗದಾನ, ಗಾಡಿ ಹೋತಲ್ಲ!" ಎಂದು ಮಾವ ಜನರ ನಡುವೆ ನಿಂತಿದ್ದ ರೈಲಿನ ಗಾರ್ಡನ್ನು ತೋರಿಸಿ ಕಿರುಚಿದರು.

"ನೀರು ತುಂಬಿಸ್ಲಿಕ್ಕೆ ಹೋದದ್ದು. ಇನ್ನು ನಾಳೆಗೇ ಬರುದು," ಎಂದರು ಸರ್ವಜ್ಞ ಲೋಕಯ್ಯ.

ರಜನಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ ಶಿವನ! ರೀ, ಅಪ್ಪನ ಪಾಸ್‌ಪೋರ್ಟ್ ಆ ಚೀಲದಾಗೈತಿ!"

ಪಾಸ್‌ಪೋರ್ಟ್! ಪಾಸ್‌ಪೋರ್ಟ್ ಇಲ್ಲದಿದ್ದರೆ ನಾಳೆ ವಿಮಾನವಿಲ್ಲ. ವಿಮಾನವಿಲ್ಲದಿದ್ದರೆ ಮಾವ... ಸಿದ್ಧಲಿಂಗೇಶನ ಕಣ್ಣು ಕತ್ತಲಿಟ್ಟಿತು. ಮಾವನ ಕಂಕುಳಿನಿಂದ ಕೆಂಪು ಬಾವುಟ ಕಿತ್ತುಕೊಂಡು, ಹೊಟ್ಟೆ ಕುಣಿಸುತ್ತ ಹಳಿಯ ಪಕ್ಕದಲ್ಲಿ ಓಡಿದ. ಹಿಂದಿನಿಂದ ಇನ್ನೂರು ಜನ "ನೋ! ನೋ!" ಎಂದು ಕೂಗುತ್ತಿದ್ದರು. ಪಾಪ, ತನಗಾಗಿ ಮರುಗುತ್ತಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ಓಡಿದ.

ತಿರುವಿನಿಂದ ಗಾಡಿ ಎದುರಿಗೇ ಬಂತು. ಮುಗಿಲೆತ್ತರ ಹೊಗೆ, ಬೆಟ್ಟ ನಡುಗುವ ಕೂಗು. ಸಿದ್ಧಲಿಂಗೇಶ ಎರಡೂ ಕೈಯೆತ್ತಿ ಬಾವುಟ ಬೀಸಿದ. ಬ್ರೇಕು ಕಿರ್ರೆಂದಿತು. ಗಾಡಿ ನಿಂತಿತು, ಹೊಗೆಯೂ ಸತ್ತಿತು. ಅವನು ತಿರುಗಿ ನೋಡಿದರೆ, ಸಾಲಾಗಿ ನಿಂತ ಇನ್ನೂರು ಕ್ಯಾಮೆರಾಗಳು ತನ್ನ ಕಡೆಗೇ!

ಆಮೇಲೆ ತಿಳಿದದ್ದಿಷ್ಟು: ಜನರನ್ನು ಇಳಿಸಿ, ಗಾಡಿಯನ್ನು ಹಿಂದಕ್ಕೊಯ್ದು, ಹೊಗೆ ಎಬ್ಬಿಸಿಕೊಂಡು ಮತ್ತೆ ಓಡಿಸಿ ತರುವುದು ಇಲ್ಲಿನ ಪದ್ಧತಿ. ಎಲ್ಲರೂ ಫೋಟೋ ತೆಗೆದುಕೊಳ್ಳಲಿ ಅಂತ.

"ಓಟ ಪೂರ್ತಿ ರೆಕಾರ್ಡ್ ಆಗಿದೆ ಮಾರಾಯ್ರೆ, ಹೊಟ್ಟೆ ಸಮೇತ!" ಎಂದರು ಲೋಕಯ್ಯ.

ಬಿಳಿ ಮೀಸೆಯ ಗಾರ್ಡ್ ಅಜ್ಜ ಉರಿದುಕೊಂಡು ಬಂದ. ಆದರೆ ಅವನಿಗಿಂತ ಮೊದಲು ಮಾವ ಬಂದಿದ್ದರು. ಅಳಿಯನ ಕೈಯಿಂದ ಬಾವುಟ ತೆಗೆದುಕೊಂಡು, "ಹಿಂಗ ಕಾಗಿ ಓಡಿಸಿದಂಗ ಬೀಸಬಾರದು. ಕೈ ನೆಟ್ಟಗ ಇರಬೇಕು," ಎಂದು ತೋರಿಸಿದರು. ನಂತರ ಗಾರ್ಡ್ ಅಜ್ಜನಿಗೆ ಸಲ್ಯೂಟ್ ಹೊಡೆದು, "ಸರ್, ಮಹಾಂತಪ್ಪ, ಗಾರ್ಡ್, ಹುಬ್ಳಿ ಡಿವಿಜನ್!" ಎಂದರು. ಅಜ್ಜನ ಸಿಟ್ಟು ಜರ್ರನೆ ಇಳಿಯಿತು. ಇಬ್ಬರೂ ಕೈ ಕುಲುಕಿದರು, ಬಾವುಟ ಅದಲುಬದಲು ಮಾಡಿ ನೋಡಿದರು. ಫೋಟೋಗೆಂದು ಗಾಡಿಯನ್ನು ಎರಡನೇ ಸಲ ಓಡಿಸಿದಾಗ ಮಾವನೇ ಹಸಿರು ಬಾವುಟ ಬೀಸಿ ಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ವಾಪಸು ಬರುವಾಗ ಮಾವ ಗಾರ್ಡ್ ಡಬ್ಬಿಯಲ್ಲೇ ಕೂತರು.

ಮನೆಗೆ ಬರುವ ದಾರಿಯುದ್ದಕ್ಕೂ ಮಾವ ಸೀಟಿ ಊದಿದರು. "ಶಾಭಾಶ್ ಅಳಿಯಂದಿರ! ಬಂದದ್ದು ಸಾರ್ಥಕ ಆತು," ಎಂದರು. ಪಾಸ್‌ಪೋರ್ಟಿನ ಚೀಲವನ್ನು ಸಿದ್ಧಲಿಂಗೇಶ ತೊಡೆಯ ಮೇಲೇ ಇಟ್ಟುಕೊಂಡು ಡ್ರೈವ್ ಮಾಡಿದ. ಅವಮಾನ ಆದರೆ ಆಗಲಿ, ಮಾವ ಖುಷಿಯಾಗಿದ್ದಾರೆ!

ಮನೆಗೆ ಬಂದವನೇ ಮಾವನ ಸೂಟ್‌ಕೇಸ್ ತಾನೇ ಹೊತ್ತು ಬಾಗಿಲಿಗೆ ತಂದಿಟ್ಟ. ಒಳಗೆ ರಜನಿ ಫೋನಿನಲ್ಲಿದ್ದಳು.

"ಯಾರಿಗೆ?"

"ಏರ್‌ಲೈನ್ಸ್‌ನವರಿಗೆ ರೀ. ಅಪ್ಪನ ಟಿಕೆಟ್ ಮೂರು ತಿಂಗಳು ಮುಂದಕ್ಕ ಹಾಕಸಿದೆ. ಆ ಗಾರ್ಡ್ ಅಜ್ಜ ವಾರಾ ವಾರಾ ಬಂದು ಬಾವುಟ ಹಿಡೀರಿ ಅಂದಾನಂತ. ಅಪ್ಪನ ಮುಖ ನೋಡ್ರಿ, ಹತ್ತು ವರ್ಷ ಸಣ್ಣಾವ ಆಗ್ಯಾನ!"

ಮಾವ ಕನ್ನಡಿ ಮುಂದೆ ನಿಂತು ಗಾರ್ಡ್ ಅಜ್ಜ ಕೊಟ್ಟಿದ್ದ ಹೊಸ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. "ಎಲ್ಲಾ ನಿಮ್ಮಿಂದ ಅಳಿಯಂದಿರ. ಶನಿವಾರ, ಭಾನುವಾರ ಎರಡೂ ದಿನ ಡ್ಯೂಟಿ. ಮುಂಜಾನೆ ನಾಕೂವರಿಗೆ ಬಿಡಬೇಕು. ನಾಳಿಂದನ."

ಮರುದಿನ ನಾಲ್ಕೂವರೆಗೆ ಸಿದ್ಧಲಿಂಗೇಶ ಕಣ್ಣುಜ್ಜುತ್ತ ಸ್ಟೇರಿಂಗ್ ಹಿಡಿದು ಕೂತ. ಸೀಟಿ ಕೇಳಿಸಿತು. ಕಾರು ಹಿಂದಕ್ಕೆ ತೆಗೆಯಬೇಕೆನ್ನುವಷ್ಟರಲ್ಲಿ ಕನ್ನಡಿಯಲ್ಲಿ ಕೆಂಪು ಬಾವುಟ ಕಂಡಿತು. ಏನೆಂದು ತಿರುಗಿದರೆ, ಪಕ್ಕದ ಮನೆಯಿಂದ ಓಡಿ ಬಂದ ಲೋಕಯ್ಯ ತೆರೆದ ಕಿಟಕಿಯಿಂದ ಮುಂದಿನ ಸೀಟಿಗೆ ಟವೆಲ್ ಎಸೆದರು.