ಲೈಸೆನ್ಸ್ ಅಮ್ಮಾವ್ರ ಹೆಸರಿಗೆ

ಎಲ್ಲದಕ್ಕೂ ಮೂಲ ಒಂದು ಚೆರ್ರಿ ಹಣ್ಣು. ಅದೂ ತಿನ್ನುವ ಹಣ್ಣಲ್ಲ, ಕಂಪ್ಯೂಟರಿನ ಪರದೆಯ ಮೇಲೆ, ಕೇಕಿನ ಚಿತ್ರದ ತುದಿಯಲ್ಲಿ ಕೂತಿದ್ದ ಹಣ್ಣು.

"ಆ ಚೆರ್ರಿ ಇನ್ನೊಂಚೂರು ದೊಡ್ಡದು ಮಾಡಿ," ಎಂದರು ಬೇಕರಿಯವರು.

ಪೆನ್ಸಿಲ್ ಚೆರ್ರಿಯ ಅಂಚು ಹಿಡಿದು ಎಳೆದ. ಪರದೆ ಒಮ್ಮೆ ಬೆಳ್ಳಗಾಯಿತು, ನಡುವೆ ಒಂದು ಚಕ್ರ ಗಿರಗಿರ ತಿರುಗಿತು, ಆಮೇಲೆ ಕೇಕೂ ಇಲ್ಲ, ಚೆರ್ರಿಯೂ ಇಲ್ಲ. 'ಕ್ಷಮಿಸಿ, ಅನಿರೀಕ್ಷಿತ ತೊಂದರೆಯಿಂದ ಪ್ರೋಗ್ರಾಂ ನಿಂತಿದೆ' ಎಂಬ ಸಾಲೊಂದೇ ಉಳಿಯಿತು. ಅನಿರೀಕ್ಷಿತವಂತೆ! ಬೆಳಗಿನಿಂದ ಇದು ಆರನೆಯ ಸಲ.

ಪೆನ್ಸಿಲ್ ಎನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ಬೋರ್ಡುಗಳನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲು, ಅಂಗಡಿಗೆ ಕಂಪ್ಯೂಟರ್ ಬಂದು ಹನ್ನೊಂದು ವರ್ಷವಾದರೂ ಕೆಳಗಿಳಿದಿರಲಿಲ್ಲ. ಬೀದಿಯವರಿಗೆ ಅಷ್ಟು ಸಾಕಾಯಿತು. ಅವನ ಕೆಲಸ ಆ ಪುಟ್ಟ ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಮಾಡುವುದು, ಒಳಗಿನ ಕೋಣೆಯ ಮೆಷಿನ್ನಿನಲ್ಲಿ ಅದನ್ನು ಅಚ್ಚು ಹಾಕುವುದು, ಮಧ್ಯೆ ಮಧ್ಯೆ ಯಜಮಾನರ ಬೈಗುಳ ತಿನ್ನುವುದು.

ಬೇಕರಿಯವರ ಹೊಸ ಅಂಗಡಿ ಮರುದಿನ ಬೆಳಿಗ್ಗೆ ತೆರೆಯುವುದಿತ್ತು. ಐನೂರು ಕೇಕ್ ಡಬ್ಬಿಗಳ ಮೇಲೆ ಅಂಟಿಸುವ ಚೀಟಿ ಸಂಜೆಯೊಳಗೆ ಕೈಗೆ ಬರಬೇಕಿತ್ತು. ಯಜಮಾನರು ಹಲ್ಲು ಕೀಳಿಸಲು ಹೊರಟವರು ಬಾಗಿಲಲ್ಲಿ ನಿಂತು, "ನೋಡು, ಈ ಆರ್ಡರ್ ಕೈತಪ್ಪಿದ್ರೆ ನಾಳೆಯಿಂದ ನೀನೂ ಬರೋದು ಬೇಡ," ಎಂದು ಕೆನ್ನೆ ಹಿಡಿದುಕೊಂಡೇ ಹೇಳಿ ಹೋಗಿದ್ದರು. ಹಲ್ಲುನೋವಿನಲ್ಲಿ ಆಡಿದ ಮಾತು ಎಂದು ತಳ್ಳಿಹಾಕುವಂತಿರಲಿಲ್ಲ. ಈ ಮಾತು ಹೇಳಿಸಿಕೊಂಡ ಇಬ್ಬರು ಹಿಂದೆ ನಿಜವಾಗಿಯೂ ಮರುದಿನದಿಂದ ಬಂದಿರಲಿಲ್ಲ. ಪೆನ್ಸಿಲ್‌ಗೆ ನಲವತ್ತು ದಾಟಿತ್ತು, ಮಗಳು ಇದೇ ತಿಂಗಳು ಶಾಲೆಗೆ ಸೇರಿದ್ದಳು, ಇನ್ನು ಬೇರೆ ಕೆಲಸ ಹುಡುಕುವ ಮಾತೇ ಇರಲಿಲ್ಲ.

"ಎದುರು ಅಂಗಡೀಲಿ ಕೊಟ್ಟಿದ್ರೆ ಇಷ್ಟೊತ್ತಿಗೆ ಆಗಿರ್ತಿತ್ತು," ಎಂದರು ಬೇಕರಿಯವರು ಗಡಿಯಾರ ನೋಡುತ್ತ.

ಅದು ನಿಜವೇ. ಎದುರು ಅಂಗಡಿಯವರು ಇದೇ ಸಾಫ್ಟ್‌ವೇರಿನ ಕದ್ದ ಪ್ರತಿ ಹಾಕಿಕೊಂಡಿದ್ದರು. ಅದು ಒಂದು ದಿನವೂ ಕೆಟ್ಟಿದ್ದಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿದ್ದಿಲ್ಲ. ಕಾಸು ಕೊಟ್ಟು ತಂದವರ ಮೇಲೆಯೇ ಕಂಪನಿಗೆ ಇಲ್ಲದ ಅನುಮಾನ. ಇದಕ್ಕೇನು ಹೇಳೋಣ, ಹೇಳಿ.

ಅಷ್ಟರಲ್ಲಿ ಪಕ್ಕದ ಅಂಗಡಿಯ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಒಳಗೆ ಬಂದ. ಕಂಪ್ಯೂಟರಿನ ಬಗ್ಗೆ ಅವನಿಗೆ ಏನೇನೂ ಗೊತ್ತಿರಲಿಲ್ಲ. ಆದ್ದರಿಂದ ಧೈರ್ಯವಾಗಿ ಸಲಹೆ ಕೊಡುತ್ತಿದ್ದ.

"ಪೆನ್ಸಿಲಣ್ಣ, ಹೊಲಿಗೆ ಸರಿಯಾಗಿ ಬೀಳ್ತಿಲ್ಲ ಅಂದ್ರೆ ಅದರ ಮೇಲೇ ಹೊಲೀತಾ ಕೂತ್ಕೋಬಾರ್ದು. ಪೂರ್ತಿ ಬಿಚ್ಚಿ ಹೊಸದಾಗಿ ಹೊಲೀಬೇಕು. ತೆಗೆದುಹಾಕಿ ಮತ್ತೆ ಹಾಕು ಅದನ್ನ."

"ಹೌದಲ್ವಾ!" ಎಂದರು ಬೇಕರಿಯವರು.

ಇಬ್ಬರು ಒಂದೇ ಮಾತು ಹೇಳಿದಾಗ ಅದು ಸರಿ ಇರಬೇಕು ಎಂದುಕೊಳ್ಳುವುದು ಪೆನ್ಸಿಲ್‌ನ ಹಳೆಯ ಕಾಯಿಲೆ. ತೆಗೆದ. ಮತ್ತೆ ಹಾಕಿದ. ಪ್ರೋಗ್ರಾಂ ಹೊಸ ಮದುಮಗನಂತೆ ಮಿರಮಿರ ಮಿಂಚುತ್ತ ತೆರೆದುಕೊಂಡಿತು. ಮೂವರೂ ಉಸಿರುಬಿಟ್ಟರು. ಆಗ ನಡುವೆ ಕೆಂಪು ಚೌಕವೊಂದು ಮೂಡಿತು. 'ಇದು ಕಳ್ಳ ಪ್ರತಿ ಇರಬಹುದೆಂಬ ಶಂಕೆಯಿದೆ. ಸಹಾಯವಾಣಿಗೆ ಕರೆ ಮಾಡಿ.'

"ನಾನು ಬಟ್ಟೆ ವಿಷಯ ಹೇಳಿದ್ದಪ್ಪ," ಎಂದ ದರ್ಜಿ ಮೆಲ್ಲಗೆ.

ಪೆನ್ಸಿಲ್ ಕರೆ ಮಾಡಿದ. ಇಪ್ಪತ್ತು ನಿಮಿಷ ಪಿಟೀಲಿನ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಿದಳು. ಸಕ್ಕರೆಯಂಥ ದನಿ.

"ಲೈಸೆನ್ಸ್ ನಿಮ್ಮ ಹೆಸರಲ್ಲಿಲ್ಲ ಸಾರ್. ಒಬ್ಬ ಮೇಡಂ ಹೆಸರಲ್ಲಿದೆ. ಅವರೇ ಮಾತಾಡ್ಬೇಕು, ಒಂದು ಗುಟ್ಟಿನ ಪ್ರಶ್ನೆಗೆ ಉತ್ತರ ಹೇಳ್ಬೇಕು. ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮತ್ತೆ ಫೋನ್ ಮಾಡಿ."

ಮೇಡಂ ಎಂದರೆ ಯಜಮಾನರ ಹೆಂಡತಿ. ಹೆಂಡತಿಯ ಹೆಸರಲ್ಲಿ ತೆಗೆದುಕೊಂಡದ್ದು ಏಳಿಗೆಯಾಗುತ್ತದೆ ಎಂದು ಯಜಮಾನರಿಗೆ ಯಾರೋ ಎಂದೋ ಹೇಳಿದ್ದರು. ಅಂದಿನಿಂದ ಅಂಗಡಿ, ಸ್ಕೂಟರ್, ಫೋನು, ಕೊನೆಗೆ ಈ ಸಾಫ್ಟ್‌ವೇರೂ ಆಕೆಯ ಹೆಸರಿಗೇ. ಸಹಿ ಮಾತ್ರ ಆಕೆಯದು. ಅರ್ಜಿಯಲ್ಲಿ ಏನೇನು ತುಂಬಿದೆ ಎಂದು ಆಕೆ ಒಮ್ಮೆಯೂ ಓದಿರಲಿಲ್ಲ.

ಯಜಮಾನರ ಮನೆ ಎರಡು ಬೀದಿ ಆಚೆ. ಪೆನ್ಸಿಲ್ ಅಂಗಡಿಗೆ ಬೀಗ ಹಾಕಿ ಓಡಿದ. ಇವನು ಹಾಗೇ ತಪ್ಪಿಸಿಕೊಂಡಾನು ಎಂದು ಬೇಕರಿಯವರೂ ಹಿಂದೆ ಹೊರಟರು. ಇಂಥ ಹೊತ್ತಿನಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತ ಕೂರುವುದಕ್ಕೆ ದರ್ಜಿಗೇನು ಹುಚ್ಚೇ? ಅವನೂ ಹೊರಟ.

ಯಜಮಾನರು ಹಲ್ಲು ಕೀಳಿಸಿಕೊಂಡು ಬಂದು ನಡುಮನೆಯ ಸೋಫಾದ ಮೇಲೆ ಮಲಗಿದ್ದರು. ಬಾಯಿ ತುಂಬ ಹತ್ತಿ, ಒಂದು ಕೆನ್ನೆ ಬನ್ನಿನಂತೆ ಊದಿತ್ತು. ಇನ್ನು ಮೂರು ಗಂಟೆ ಬಾಯಿ ತೆರೆಯಬಾರದೆಂದು ಡಾಕ್ಟರರ ಕಟ್ಟಪ್ಪಣೆ. ಯಜಮಾನಿ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದರು.

"ಏನಪ್ಪಾ ಇದು, ಮೂರು ಜನ ಒಟ್ಟಿಗೆ! ಹಲ್ಲು ತಾನೇ ಹೋಗಿದ್ದು, ಅವರೇನು ಹೋಗಿಲ್ಲ!" ಎಂದರು. ಆಕೆಯ ದನಿ ಮೊದಲಿನಿಂದಲೂ ಹಾಗೆ. ಮನೆಯೊಳಗೆ ಮೆಲ್ಲಗೆ ಆಡಿದ್ದು ಬೀದಿಯ ತುದಿಗೆ ಕೇಳಿಸುತ್ತಿತ್ತು.

ಪೆನ್ಸಿಲ್ ವಿಷಯ ಹೇಳಿದ. ಆಕೆ ಉತ್ಸಾಹದಿಂದ ಸೆರಗು ಸರಿಮಾಡಿಕೊಂಡು, "ಅಷ್ಟೇನಾ? ಹಾಕು ಫೋನು," ಎಂದರು. ಸ್ಪೀಕರ್ ಹಾಕಿ ಫೋನನ್ನು ಟೀಪಾಯಿಯ ಮೇಲೆ ಇಟ್ಟಿದ್ದಾಯಿತು. ಅದೇ ಹುಡುಗಿ ಸಿಕ್ಕಿದಳು. ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಸರಿಯಾಯಿತು.

"ಈಗ ಗುಟ್ಟಿನ ಪ್ರಶ್ನೆ ಮೇಡಂ. ಮೂರೇ ಅವಕಾಶ. ಮೂರೂ ತಪ್ಪಾದ್ರೆ ಲೈಸೆನ್ಸ್ ಒಂದು ತಿಂಗಳು ಬಂದ್ ಆಗುತ್ತೆ. ಪ್ರಶ್ನೆ ಏನಂದ್ರೆ, ಮನೆಯವರು ನಿಮ್ಮನ್ನು ಯಾವ ಅಡ್ಡಹೆಸರಿನಿಂದ ಕರೆಯುತ್ತಾರೆ?"

ಸೋಫಾದ ಮೇಲೆ ಯಜಮಾನರು ತಟ್ಟನೆ ಎದ್ದು ಕೂತರು. ಊದಿದ ಕೆನ್ನೆಯೂ ಬಿಳಿಚಿಕೊಂಡಿತು.

ಯಜಮಾನಿ ನಾಚಿ ನಕ್ಕರು. "ತವರುಮನೇಲಿ ಪುಟ್ಟಿ ಅಂತಿದ್ರು. ಪುಟ್ಟಿ ಅಂತ ಬರ್ಕೋಮ್ಮ."

"ತಪ್ಪು ಮೇಡಂ. ಇನ್ನೆರಡು."

"ತಪ್ಪಾ? ಏನ್ರೀ, ಬರೆದೋರು ನೀವು. ಏನಂತ ಬರೆದಿದ್ರಿ?"

ಯಜಮಾನರು ಎರಡು ಕೈಯನ್ನೂ ಅಲ್ಲಾಡಿಸಿ, ನೆನಪಿಲ್ಲ ಎನ್ನುವಂತೆ ಹಣೆ ಚಚ್ಚಿಕೊಂಡರು. ಪೆನ್ಸಿಲ್ ಕಾಗದ ತೆಗೆದು, ಕಿವಿಯ ಮೇಲಿನ ಪೆನ್ಸಿಲನ್ನು ಮುಂದೆ ಹಿಡಿದ. ಹಾವು ಕಂಡವರಂತೆ ಅವರು ಹಿಂದೆ ಸರಿದರು.

"ಅಕ್ಕಾವ್ರೇ," ಎಂದ ದರ್ಜಿ, "ಯಜಮಾನರು ದಿನಾ ನಿಮ್ಮನ್ನ ಏನಂತ ಕರೀತಾರೆ, ಅದನ್ನೇ ಹೇಳಿ."

"ಮದುವೆಯಾದಾಗಿಂದ ಇವಳೇ, ಇವಳೇ ಅಂತಾರೆ, ಇನ್ನೇನಿದೆ. ಬರ್ಕೋಮ್ಮ, ಇವಳೇ."

"ತಪ್ಪು ಮೇಡಂ. ಇನ್ನೊಂದೇ ಉಳಿದಿರೋದು."

ಬೇಕರಿಯವರು ಎದ್ದು ನಿಂತರು. "ಸರಿ, ನಾನು ಎದುರು ಅಂಗಡಿಗೆ ಹೋಗ್ತೀನಿ."

ಆ ಮಾತು ಕೇಳಿದ್ದೇ ತಡ, ಯಜಮಾನರ ಮುಖದಲ್ಲಿ ಎರಡು ಭಯಗಳ ಗುದ್ದಾಟ ಶುರುವಾಯಿತು. ಒಂದು ತಿಂಗಳು ಅಂಗಡಿ ಬಂದ್ ಎನ್ನುವ ಭಯ ಹೇಗೋ ಗೆದ್ದಿತು. ಹೆಂಡತಿಯ ಬೆನ್ನ ಹಿಂದೆ ನಿಂತು, ಪೆನ್ಸಿಲ್‌ನನ್ನೇ ನೋಡುತ್ತ, ಅವರು ಮೇಲೆ ತೋರಿಸಿದರು. ಎರಡು ಮುಷ್ಟಿಗಳನ್ನು ಒಂದಕ್ಕೊಂದು ಗುದ್ದಿದರು. ಆಮೇಲೆ ಎರಡೂ ಕಿವಿ ಮುಚ್ಚಿಕೊಂಡರು.

ಯಜಮಾನಿ ತಿರುಗಿ ನೋಡಿದರು. "ಏನ್ರೀ? ಫ್ಯಾನ್ ಹಾಕ್ಬೇಕಾ?"

"ಮೇಲಿನ ಮನೆಯವರು ಸದ್ದು ಮಾಡ್ತಾರಾ?" ಎಂದರು ಬೇಕರಿಯವರು.

ಪೆನ್ಸಿಲ್‌ಗೆ ಅರ್ಥವಾಯಿತು. ಅಂಗಡಿಯಲ್ಲಿ ಯಜಮಾನರು ಹೆಂಡತಿಯನ್ನು ಏನೆನ್ನುತ್ತಾರೆಂದು ಅವನಿಗೆ ಗೊತ್ತಿತ್ತು, ದರ್ಜಿಗೆ ಗೊತ್ತಿತ್ತು, ಆ ಸಾಲಿನ ಹದಿನಾಲ್ಕು ಅಂಗಡಿಗಳಿಗೂ ಗೊತ್ತಿತ್ತು. ಗೊತ್ತಿಲ್ಲದವರು ಒಬ್ಬರೇ. ಅವರು ಈಗ ಅವನ ಮುಂದೆ ಬೀಸಣಿಗೆ ಹಿಡಿದು ಕೂತಿದ್ದರು. ದರ್ಜಿ ಆಗಲೇ ಬಾಗಿಲಿನತ್ತ ಎರಡು ಹೆಜ್ಜೆ ಸರಿದಿದ್ದ.

"ಮೇಡಂ, ಸಮಯ ಆಗ್ತಿದೆ," ಎಂದಿತು ಫೋನು.

"ನಿನಗೆ ಗೊತ್ತೇನೋ?" ಎಂದರು ಯಜಮಾನಿ ಪೆನ್ಸಿಲ್‌ನ ಮುಖ ನೋಡಿ. "ಗೊತ್ತಿದ್ರೆ ಹೇಳೋ, ಏನು, ನಿಂದೂ ಹಲ್ಲು ಕಿತ್ತಿದಾರಾ?"

"ಬೇರೆಯವರು ಹೇಳೋದಾದ್ರೆ ನಿಮ್ಮ ಒಪ್ಪಿಗೆ ಬೇಕು ಮೇಡಂ," ಎಂದಳು ಹುಡುಗಿ. "ಆಗ ಅವರನ್ನೇ ನಿಮ್ಮ ಪ್ರತಿನಿಧಿ ಅಂತ ಬರ್ಕೋತೀವಿ."

"ಬರ್ಕೋ ತಾಯಿ, ಒಪ್ಪಿಗೆ ಇದೆ. ಹೇಳೋ!"

ಪೆನ್ಸಿಲ್ ಮಗಳ ಶಾಲೆಯನ್ನು ನೆನೆಸಿಕೊಂಡ. ಕಣ್ಣು ಮುಚ್ಚಿಕೊಂಡ.

"ಗುಡುಗಮ್ಮ."

"ಕೇಳಿಸ್ಲಿಲ್ಲ ಸಾರ್. ಸ್ವಲ್ಪ ಜೋರಾಗಿ."

"ಗುಡುಗಮ್ಮ! ಗುಡುಗಮ್ಮ!"

"ಸರಿಯಾದ ಉತ್ತರ ಸಾರ್. ಲೈಸೆನ್ಸ್ ತೆರೆದಿದೆ. ನಿಮ್ಮ ದಿನ ಶುಭವಾಗಿರಲಿ."

ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಮೊದಲ ಸಲ ಕೇಳಿಸಿತು. ಯಜಮಾನಿ ನಿಧಾನವಾಗಿ ಗಂಡನ ಕಡೆ ತಿರುಗಿದರು. ಗಂಡ ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡು ಮಲಗಿಬಿಟ್ಟಿದ್ದರು.

"ಬಾಯಿ ವಾಸಿಯಾಗ್ಲಿ," ಎಂದರು ಆಕೆ, ಮದುವೆಯಾದ ಮೇಲೆ ಮೊದಲ ಬಾರಿಗೆ ಮೆಲುದನಿಯಲ್ಲಿ. "ಮೂರು ಗಂಟೆ ತಾನೇ? ಕಾಯ್ತೀನಿ." ಹೊದಿಕೆಯೊಳಗಿನಿಂದ ಸಣ್ಣಗೆ ಒಂದು ನರಳಾಟ ಕೇಳಿಸಿತು. ಉಳಿದ ಹಲ್ಲುಗಳನ್ನೂ ಇವತ್ತೇ ಕೀಳಿಸಿಕೊಂಡು ಬಂದಿದ್ದರೆ ಚೆನ್ನಾಗಿತ್ತು ಎಂದು ಆ ಮನುಷ್ಯನಿಗೆ ಅನ್ನಿಸಿರಬೇಕು.

ಪೆನ್ಸಿಲ್ ಅಲ್ಲಿ ನಿಲ್ಲಲಿಲ್ಲ. ಚಪ್ಪಲಿ ಒಂದು ಕಾಲಿಗೆ ಹಾಕಿ, ಇನ್ನೊಂದು ಕೈಯಲ್ಲಿ ಹಿಡಿದು ಓಡಿದ.

ಅಂಗಡಿಯಲ್ಲಿ ಪ್ರೋಗ್ರಾಂ ತೆರೆದುಕೊಂಡಿತು. ಕೇಕು ಬಂತು. ಈ ಸಲ ಅವನು ಚೆರ್ರಿಯನ್ನು ಮುಟ್ಟಲೇ ಇಲ್ಲ. ಚೆರ್ರಿ ಇದ್ದಷ್ಟೇ ಇರಲಿ ಎಂದು ಕೇಕನ್ನೇ ಸಣ್ಣದು ಮಾಡಿದ.

"ಈಗ ನೋಡಿ!" ಎಂದರು ಬೇಕರಿಯವರು ಕಣ್ಣರಳಿಸಿ. "ಬೆಳಿಗ್ಗೆಯಿಂದ ಇದನ್ನೇ ಕೇಳ್ತಿದ್ದೆ. ಚೆರ್ರಿ ಎಷ್ಟು ದೊಡ್ಡದಾಯ್ತು!"

ಸಂಜೆ ಐದಕ್ಕೆ ಐನೂರು ಚೀಟಿ ಅಚ್ಚಾಗಿ ಕಟ್ಟು ಕಟ್ಟಿ ಹೋಯಿತು. ಪೆನ್ಸಿಲ್ ಕುರ್ಚಿಗೆ ಒರಗಿ ಕಾಲು ಚಾಚಿದ. ಅಬ್ಬ! ಹೋದ ಜೀವ ಬಂದಂತಾಗಿತ್ತು. ಕೆಲಸ ಉಳಿಯಿತು. ದರ್ಜಿ ಟೀ ತರಿಸಿದ. ಸಲಹೆ ಕೊಟ್ಟವನು ತಾನಲ್ಲವೇ ಎಂದು ಎರಡು ಬಾರಿ ನೆನಪಿಸಿದ. ಅವನ ಮೇಲೂ ಪೆನ್ಸಿಲ್‌ಗೆ ಪ್ರೀತಿ ಉಕ್ಕಿತು.

ಟೀ ಮುಗಿಯುವ ಹೊತ್ತಿಗೆ ಯಜಮಾನಿ ಬಂದರು. ದರ್ಜಿ ಲೋಟ ಅಲ್ಲೇ ಇಟ್ಟು ಮಾಯವಾದ.

ಪೆನ್ಸಿಲ್ ಎದ್ದು ನಿಂತು ಕೈ ಮುಗಿದ. "ಅಮ್ಮಾವ್ರೇ, ನಂದೇನೂ ತಪ್ಪಿಲ್ಲ. ನಾನು ಬರೀ ಹೇಳಿದ್ದು..."

"ಕೂತ್ಕೋ, ಕೂತ್ಕೋ. ನಿನ್ನ ಮೇಲೆ ನನಗ್ಯಾಕೆ ಸಿಟ್ಟು? ಅಷ್ಟು ಜನರ ಮುಂದೆ ನಿಜ ಹೇಳಿದೋನು ನೀನೊಬ್ಬನೇ. ನಿನ್ನಂಥ ನಂಬಿಗಸ್ತರನ್ನ ಬಿಡೋಕಾಗುತ್ತಾ?"

ಪೆನ್ಸಿಲ್‌ನ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳಲ್ಲಿ ಆ ಅಂಗಡಿಯಲ್ಲಿ ಅವನು ಕೇಳಿದ ಮೊದಲ ಒಳ್ಳೆಯ ಮಾತು ಅದು.

ಆಕೆ ಯಜಮಾನರ ಕುರ್ಚಿಯನ್ನು ಎಳೆದು ಅವನ ಎದುರಿಗೇ ಹಾಕಿಕೊಂಡು ಕೂತರು. "ಅಂಗಡಿ ನನ್ನ ಹೆಸರಲ್ಲಿ, ಲೈಸೆನ್ಸ್ ನನ್ನ ಹೆಸರಲ್ಲಿ. ಅವರು ಮನೇಲಿ ಹಾಯಾಗಿರ್ಲಿ. ಇನ್ಮೇಲೆ ಇಲ್ಲಿ ನಾನೇ ಕೂತ್ಕೊಳ್ಳೋದು. ಆದ್ರೆ ಒಂದು ಮಾತು. ಆ ಹೆಸರು ಇನ್ನೊಂದು ಸಲ ಯಾರ ಬಾಯಿಂದ ನನ್ನ ಕಿವಿಗೆ ಬಿತ್ತೋ, ಆ ಕ್ಷಣಕ್ಕೇ ಅವರು ಈ ಮೆಟ್ಟಿಲು ಇಳೀಬೇಕು. ಯಾರೇ ಆಗ್ಲಿ."

"ಖಂಡಿತ ಅಮ್ಮಾವ್ರೇ! ನಾನಂತೂ ಕನಸಲ್ಲೂ ಅನ್ನಲ್ಲ!"

"ಹಾಗಾದ್ರೆ ಮೊದಲು ನನ್ನ ಹೆಸರಿನ ಬೋರ್ಡ್ ಮಾಡು. ಹಳದಿ ಬಣ್ಣ ಇರ್ಲಿ."

ಪೆನ್ಸಿಲ್ ಖುಷಿಯಿಂದ ಹಳದಿಯ ಮೇಲೆ ಒತ್ತಿದ. ಪರದೆ ಬೆಳ್ಳಗಾಯಿತು. ಚಕ್ರ ತಿರುಗಿತು. ಕೆಂಪು ಚೌಕ ಮೂಡಿತು.

'ಎರಡು ಸಲ ತಪ್ಪು ಉತ್ತರ ಬಂದಿರುವುದರಿಂದ ನಿಮ್ಮ ಲೈಸೆನ್ಸ್ ಆರು ತಿಂಗಳು ನಮ್ಮ ನಿಗಾದಲ್ಲಿರುತ್ತದೆ. ಪ್ರೋಗ್ರಾಂ ನಿಂತಾಗಲೆಲ್ಲ ನಿಮ್ಮ ಪ್ರತಿನಿಧಿಯು ಸಹಾಯವಾಣಿಗೆ ಕರೆ ಮಾಡಿ, ತಮ್ಮ ಸ್ವಂತ ದನಿಯಲ್ಲಿ ಗುಟ್ಟಿನ ಉತ್ತರ ಹೇಳತಕ್ಕದ್ದು.'

ಪೆನ್ಸಿಲ್ ಅದನ್ನು ಮೂರು ಸಲ ಓದಿದ. ದಿನಕ್ಕೆ ಆರು ಸಲವಾದರೂ ನಿಲ್ಲುವ ಪ್ರೋಗ್ರಾಂ ಅದು.

"ಸಹಾಯವಾಣೀನಾ? ಕೊಡು ಇಲ್ಲಿ, ನಾನೇ ಫೋನ್ ಮಾಡ್ತೀನಿ," ಎಂದು ಯಜಮಾನಿ ಪರದೆಯತ್ತ ಇಣುಕಿ ಫೋನು ಎತ್ತಿಕೊಂಡು, ಸ್ಪೀಕರ್ ಹಾಕಿ, ಅವನ ಮುಂದೆ ಇಟ್ಟರು. ಈ ಸಲ ಪಿಟೀಲೂ ಇಲ್ಲ, ಕಾಯುವುದೂ ಇಲ್ಲ.

"ನಮಸ್ಕಾರ ಸಾರ್," ಎಂದಿತು ಸಕ್ಕರೆಯಂಥ ದನಿ. "ನಿಮ್ಮ ಉತ್ತರ ಹೇಳಿ. ಮಧ್ಯಾಹ್ನ ಹೇಳಿದ್ರಲ್ಲ, ಅಷ್ಟೇ ಜೋರಾಗಿ."